ಪಾಲಿಥೀನ್ ಹಾಳೆಯಲ್ಲಿ ಪ್ರೋಟಾನನ್ನು ಅಳೆದ ನನ್ನ ಅನುಭವ

ಪ್ರೋಟಾನಿನ ವಿದ್ಯುದಾವೇಶ ತ್ರಿಜ್ಯವನ್ನು, ಅಂದರೆ ಅದರ ಆವೇಶ ಹರಡಿರುವ ಗಾತ್ರವನ್ನು, ಎಲೆಕ್ಟ್ರಾನ್ ಬೀಮ್ ಹಾಯಿಸಿ ಅಳೆಯಲು ಗುರಿಯಾಗಿ ದ್ರವ ಹೈಡ್ರೋಜನ್ ಬೇಕಿಲ್ಲ, ತೆಳುವಾದ ಪಾಲಿಥೀನ್ ಹಾಳೆಯೊಂದು ಸಾಕು ಎಂದು ನಾನು ಪ್ರಸ್ತಾವ ಸಲ್ಲಿಸಿದಾಗ, ವಿಮರ್ಶಾ ಸಮಿತಿಯ ಹಿರಿಯರೊಬ್ಬರು ‘ಚೀಲ ಮಾಡುವ ವಸ್ತುವಿನಿಂದ ಸಾವಿರಕ್ಕೊಂದು ಪಾಲಿನ ನಿಖರತೆ ಬರುತ್ತದೆಯೇ’ ಎಂದು ಕೇಳಿ ನಕ್ಕಿದ್ದರು. ಈಗ ಬಂದಿದೆ. ಅದು ಹೇಗೆ ಬಂತು ಎಂಬುದನ್ನು, ಸ್ಪೆಕ್ಟ್ರೋಮೀಟರ್ (ಚದುರಿದ ಎಲೆಕ್ಟ್ರಾನುಗಳ ಶಕ್ತಿಯನ್ನು ಕಾಂತದಿಂದ ಬಿಡಿಸಿ ಅಳೆಯುವ ಯಂತ್ರ) ನಡೆಸಿ ಅಭ್ಯಾಸವಿರುವವರಿಗಾಗಿ ಬರೆಯುತ್ತಿದ್ದೇನೆ. ಆದ್ದರಿಂದ ಚದುರಿಕೆಯ ಲೆಕ್ಕದ ರೋಸೆನ್‌ಬ್ಲೂತ್ ಸೂತ್ರವನ್ನಾಗಲಿ ಪ್ರೋಟಾನಿನ ಗಾತ್ರದ ಪರಿಣಾಮವನ್ನು ಹೇಳುವ ಫಾರ್ಮ್ ಫ್ಯಾಕ್ಟರಿನ ವ್ಯಾಖ್ಯಾನವನ್ನಾಗಲಿ ಇಲ್ಲಿ ಮತ್ತೆ ಹೇಳುವುದಿಲ್ಲ.

ಪಾಲಿಥೀನ್ ಗುರಿ ಹೊಸ ಕಲ್ಪನೆಯಲ್ಲ. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹಾಫ್‌ಸ್ಟಾಟರ್ ಅವರ ಗುಂಪು ಅದನ್ನೇ ಬಳಸಿ, ಇಂಗಾಲದ ಪಾಲನ್ನು ಬೇರೆಯಾಗಿ ಅಳೆದು ಕಳೆದಿತ್ತು. ಆದರೆ ಪ್ರೋಟಾನು ಬಿಂದುವಲ್ಲ ಎಂದು ತೋರಿಸುವುದು ಅಂದಿನ ಪ್ರಶ್ನೆಯಾಗಿತ್ತು. 2010ರಲ್ಲಿ ಮ್ಯೂಯಾನಿಕ್ ಹೈಡ್ರೋಜನ್ನಿನ (ಎಲೆಕ್ಟ್ರಾನಿನ ಬದಲು ಅದಕ್ಕಿಂತ ಭಾರವಾದ ಮ್ಯೂಯಾನ್ ಇರುವ ಹೈಡ್ರೋಜನ್) ಅಳತೆ ತ್ರಿಜ್ಯ ಸುಮಾರು 0.84 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಎಂದರೆ 10⁻¹⁵ ಮೀಟರ್) ಎಂದೂ ಅದೇ ವರ್ಷ ಮೈಂಝ್‌ನ ಎಲೆಕ್ಟ್ರಾನ್ ಚದುರಿಕೆ 0.88ರ ಹತ್ತಿರವೆಂದೂ ಹೇಳಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. 60 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯಲ್ಲಿ 90 ಡಿಗ್ರಿ ಕೋನದಲ್ಲಿ ಈ ಎರಡು ತ್ರಿಜ್ಯಗಳ ನಡುವೆ ಅಡ್ಡಛೇದದಲ್ಲಿ (ಚದುರುವ ಸಾಧ್ಯತೆಯ ಅಳತೆಯಲ್ಲಿ) ಕಾಣುವ ವ್ಯತ್ಯಾಸ ಶೇಕಡ 0.4ರಷ್ಟು ಮಾತ್ರ. 2019ರಲ್ಲಿ ಪ್ರಕಟವಾದ ಜೆಫರ್ಸನ್ ಪ್ರಯೋಗಾಲಯದ ಪ್ರಾಡ್ ಪ್ರಯೋಗವು 0.831 ಎಂಬ ಮೌಲ್ಯವನ್ನು ಕೊಟ್ಟಿತು. ಆ ಗುಂಪು ಕಿಟಕಿಯಿಲ್ಲದ ಅನಿಲ ಗುರಿಯನ್ನು ಬಳಸಿ, ಎಲೆಕ್ಟ್ರಾನು ಎಲೆಕ್ಟ್ರಾನಿಗೇ ಬಡಿದು ಚದುರುವ ಮೋಲರ್ ಘಟನೆಗಳನ್ನು ಅಳತೆಗೋಲಾಗಿಟ್ಟುಕೊಂಡಿತು. ನಾನು ಆ ಸ್ಥಾನದಲ್ಲಿ ಇಂಗಾಲವನ್ನು ಇಟ್ಟೆ.

ಇದರ ಹಿಂದೆ ಹಣದ ಕಾರಣವೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ದ್ರವ ಹೈಡ್ರೋಜನ್ ಗುರಿಯೆಂದರೆ 20 ಕೆಲ್ವಿನ್‌ನ ಶೀತಕ ಯಂತ್ರ, ಅನಿಲ ಸೋರಿಕೆಯ ಸಂವೇದಕಗಳು, ಕಿಡಿ ಹಾರದ ವಿದ್ಯುತ್ ವ್ಯವಸ್ಥೆ, ಇವೆಲ್ಲಕ್ಕೂ ಸುರಕ್ಷತಾ ಅನುಮತಿ. ನಮಗೆ ಬಂದ ಅಂದಾಜು ಪಟ್ಟಿ ಒಟ್ಟು ಅನುದಾನದ ಅರ್ಧಕ್ಕಿಂತ ಹೆಚ್ಚಾಗಿತ್ತು. ಅಷ್ಟು ಸುರಿದರೂ ಕೋಶದ ಅಲ್ಯೂಮಿನಿಯಂ ಗೋಡೆಯಿಂದ ಬರುವ ಎಣಿಕೆಗಳನ್ನು ಕಳೆಯುವ ಕೆಲಸ, ಬೀಮ್ ಹೆಚ್ಚಿಸಿದಂತೆ ದ್ರವ ಕುದಿದು ಸಾಂದ್ರತೆ ಇಳಿಯುವ ತೊಂದರೆ ಹಾಗೆಯೇ ಉಳಿಯುತ್ತಿದ್ದವು. ಪಾಲಿಥೀನ್ ಹಾಳೆಗೆ ತಗುಲಿದ ವೆಚ್ಚ ನಾವು ಕೇಬಲ್ ಸುತ್ತಲು ಬಳಸಿದ ಅಂಟುಪಟ್ಟಿಯ ವೆಚ್ಚಕ್ಕಿಂತ ಕಡಿಮೆ. ಉಳಿದ ಹಣದ ದೊಡ್ಡ ಪಾಲನ್ನು ದ್ವಿಧ್ರುವ ಕಾಂತದ ವಿದ್ಯುತ್ ಮೂಲವನ್ನು ಸ್ಥಿರಗೊಳಿಸಲು, ನಂತರದ ಪಾಲನ್ನು ಸಿಲಿಕಾನ್ ಪಟ್ಟಿಯ ಶೋಧಕಕ್ಕೆ ಹಾಕಿದೆ. ಈ ಎರಡರಲ್ಲಿ ಜಿಪುಣತನ ಮಾಡಿದವರು ಯಾರೂ ಗೆದ್ದದ್ದನ್ನು ನಾನು ನೋಡಿಲ್ಲ.

ಸಂಶಯಪಟ್ಟವರ ಮೊದಲ ಆಕ್ಷೇಪ ಇಂಗಾಲದ ವಿಕಿರಣ ಬಾಲದ (ಇಂಗಾಲಕ್ಕೆ ಬಡಿದ ಎಲೆಕ್ಟ್ರಾನುಗಳು ವಿಕಿರಣದಲ್ಲಿ ಶಕ್ತಿ ಕಳೆದುಕೊಂಡು ಶಿಖರದ ಕೆಳಗೆ ಬಿಡುವ ಎಣಿಕೆಗಳ ಉದ್ದನೆಯ ಸಾಲಿನ) ಬಗ್ಗೆ ಇತ್ತು. ಹಾಳೆಯಲ್ಲಿ ಒಂದು ಇಂಗಾಲಕ್ಕೆ ಎರಡು ಹೈಡ್ರೋಜನ್. ಅಡ್ಡಛೇದವು ಆವೇಶದ ವರ್ಗಕ್ಕೆ ಅನುಗುಣವಾದ್ದರಿಂದ, ಬೀಮಿನ ದಿಕ್ಕಿಗೆ ಹತ್ತಿರವಾದ ಮುಂದಿನ ಕೋನಗಳಲ್ಲಿ ಹೈಡ್ರೋಜನ್ನಿನ ಪ್ರತಿಯೊಂದು ಎಣಿಕೆಗೆ ಇಂಗಾಲದ್ದು ಹದಿನೆಂಟು. 50 ಎಂಇವಿಯಲ್ಲಿ 90 ಡಿಗ್ರಿಗೆ ಪ್ರೋಟಾನು ಹಿಮ್ಮೆಟ್ಟಿ ಸುಮಾರು 2.5 ಎಂಇವಿಯನ್ನೂ ಇಂಗಾಲ ಸುಮಾರು 0.2 ಎಂಇವಿಯನ್ನೂ ಕಸಿದುಕೊಳ್ಳುವುದರಿಂದ ಎರಡು ಶಿಖರಗಳು ಚೆನ್ನಾಗಿಯೇ ಬೇರೆಯಾಗುತ್ತವೆ, ಆದರೆ ಹೈಡ್ರೋಜನ್ ಶಿಖರ ಇಂಗಾಲದ ಬಾಲದ ಮೇಲೆಯೇ ಕುಳಿತಿರುತ್ತದೆ. ಬಾಲವನ್ನು ಸೂತ್ರದಿಂದ ಲೆಕ್ಕ ಹಾಕಿ ಕಳೆಯುವ ಪ್ರಯತ್ನ ಪೂರ್ತಿ ಸೋತಿತು. ಸ್ಪೆಕ್ಟ್ರೋಮೀಟರಿನ ಗೋಡೆಗೆ ತಾಗಿ ಬಂದ ಎಲೆಕ್ಟ್ರಾನುಗಳು ಯಾವ ಸೂತ್ರಕ್ಕೂ ಸಿಗಲಿಲ್ಲ. ಕೊನೆಗೆ ವಿಕಿರಣ ದಪ್ಪ ಸಮನಾಗುವಂತೆ ಆರಿಸಿದ ಶುದ್ಧ ಇಂಗಾಲದ ಹಾಳೆಯನ್ನು ಅದೇ ಚೌಕಟ್ಟಿನಲ್ಲಿ ಕೂರಿಸಿ, ಪಾಲಿಥೀನ್ ಮತ್ತು ಇಂಗಾಲವನ್ನು ಸರದಿಯ ಮೇಲೆ ಓಡಿಸಿ, ಅಳೆದ ಬಾಲವನ್ನೇ ಕಳೆದೆವು. ಇದರಿಂದ ಯಂತ್ರದ ಸಮಯ ಹೆಚ್ಚುಕಡಿಮೆ ದುಪ್ಪಟ್ಟಾಯಿತು, ಮತ್ತು ಯಂತ್ರದ ಸಮಯವೂ ಹಣವೇ.

ಕೋನಗಳ ಆಯ್ಕೆಯಲ್ಲಿಯೂ ಒಂದು ಎಚ್ಚರಿಕೆ ಬೇಕು. 60 ಎಂಇವಿಯಲ್ಲಿ ಸುಮಾರು 110 ಡಿಗ್ರಿಯ ಆಸುಪಾಸಿನಲ್ಲಿ ಹೈಡ್ರೋಜನ್ ಶಿಖರವು ಇಂಗಾಲದ 4.44 ಎಂಇವಿ ಉದ್ರಿಕ್ತ ಸ್ಥಿತಿಯ ಶಿಖರದ ಮೇಲೆಯೇ ಬಂದು ಬೀಳುತ್ತದೆ. ಅಲ್ಲಿ ಯಾವ ಕಳೆಯುವಿಕೆಯನ್ನೂ ನಾನು ನಂಬುವುದಿಲ್ಲ. ಶಕ್ತಿಯನ್ನೋ ಕೋನವನ್ನೋ ಬದಲಿಸಿ, ಆ ಸಂವೇಗ ವರ್ಗಾವಣೆಯನ್ನೇ (ಎಲೆಕ್ಟ್ರಾನು ಗುರಿಗೆ ಕೊಡುವ ಹೊಡೆತದ ಅಳತೆಯನ್ನೇ) ಬಿಟ್ಟು ಬೇರೆ ಬಿಂದುವಿನಲ್ಲಿ ಅಳೆಯುವುದೇ ಮೇಲು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಬೀಮ್ ಬಿದ್ದ ಪಾಲಿಥೀನ್ ಹೈಡ್ರೋಜನ್ ಕಳೆದುಕೊಳ್ಳುತ್ತದೆ. ಇದು ನಿಜ. ನಾವು ಬಳಸಿದ ಸುಮಾರು 50 ಮೈಕ್ರಾನ್ ದಪ್ಪದ ಹಾಳೆ ಆರಂಭದ ಓಟಗಳಲ್ಲಿ ಹಳದಿಯಾಗಿ, ಕಂದಾಗಿ, ಕೊನೆಗೆ ಗಾಜಿನಂತೆ ಬಿರುಕು ಬಿಟ್ಟಿತು. ಒಂದು ಪಾಳಿ ಮುಗಿಯುವಷ್ಟರಲ್ಲಿ ಹೈಡ್ರೋಜನ್ನಿನ ಪಾಲು ಶೇಕಡ ಒಂದೆರಡು ಇಳಿದಿರುತ್ತಿತ್ತು. ಬೀಮನ್ನು ಕೆಲವು ನೂರು ನ್ಯಾನೋಆಂಪಿಯರಿನಿಂದ ಕೆಲವು ಹತ್ತಕ್ಕೆ ಇಳಿಸಿದಾಗ ಇಳಿಕೆ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಹಾಳೆಯನ್ನು ನಿರಂತರವಾಗಿ ಸರಿಸುವ ಚೌಕಟ್ಟು ಮಾಡಿಸಿದ ಮೇಲೆ ಇಳಿಕೆ ಹಿಡಿತಕ್ಕೆ ಬಂತು. ಹಾಳೆಯನ್ನು ಸುಕ್ಕಿಲ್ಲದಂತೆ, ಆದರೆ ದಪ್ಪ ಬದಲಾಗದಂತೆ ಚೌಕಟ್ಟಿಗೆ ಬಿಗಿಯುವ ಉಪಾಯವೊಂದಿದೆ. ಅದನ್ನು ಕಂಡುಕೊಳ್ಳಲು ನನ್ನ ತಂತ್ರಜ್ಞರು ಪಟ್ಟ ಪಾಡಿನ ಮರ್ಯಾದೆಗಾಗಿ ಸದ್ಯಕ್ಕೆ ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಆದರೆ ನಿಜವಾದ ಪರಿಹಾರ ಇಳಿಕೆಯನ್ನು ತಡೆಯುವುದರಲ್ಲಿರಲಿಲ್ಲ, ಅದನ್ನು ಕ್ಷಣಕ್ಷಣಕ್ಕೂ ತಿಳಿದಿರುವುದರಲ್ಲಿತ್ತು. ಎರಡನೆಯ ಚಿಕ್ಕ ಸ್ಪೆಕ್ಟ್ರೋಮೀಟರನ್ನು ಒಂದೇ ಕೋನದಲ್ಲಿ ಕದಲದಂತೆ ನಿಲ್ಲಿಸಿ, ಅದರಲ್ಲಿ ಹೈಡ್ರೋಜನ್ ಮತ್ತು ಇಂಗಾಲದ ಎಣಿಕೆಗಳ ಅನುಪಾತವನ್ನು ಇಡೀ ಓಟದುದ್ದಕ್ಕೂ ಗಮನಿಸಿದೆವು. ಮುಖ್ಯ ಸ್ಪೆಕ್ಟ್ರೋಮೀಟರ್ ಯಾವ ಕೋನದಲ್ಲಿದ್ದರೂ ಎರಡೂ ಒಂದೇ ಹಾಳೆಯನ್ನು, ಒಂದೇ ಬೀಮನ್ನು ನೋಡುತ್ತವೆ. ಹಾಗಾಗಿ ಬೀಮಿನ ಒಟ್ಟು ಆವೇಶ, ಹಾಳೆಯ ದಪ್ಪ, ಘನಕೋನ (ಸ್ಪೆಕ್ಟ್ರೋಮೀಟರಿನ ಬಾಯಿಯ ಅಗಲ) ಎಲ್ಲವೂ ಅನುಪಾತದಲ್ಲಿ ತಾವಾಗಿಯೇ ಹೊಡೆದುಹೋಗುತ್ತವೆ. ಪ್ರಕಾಶಮಾನತೆಯನ್ನು (ಬೀಮ್ ಮತ್ತು ಗುರಿ ಸೇರಿ ಕೊಡುವ ಬಡಿತಗಳ ಪ್ರಮಾಣವನ್ನು) ನೇರವಾಗಿ ಅಳೆಯಲು ಉಳಿದವರು ಪಡುವ ಸಂಕಟ ನನಗಿರಲಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಬಲ್ಲೆ.

ಹಾಗಾದರೆ ಹಾಳೆಯಲ್ಲಿ ಹೈಡ್ರೋಜನ್ ನಿಖರವಾಗಿ ಎಷ್ಟಿದೆ ಎಂಬ ಪ್ರಶ್ನೆ ಉಳಿಯುತ್ತದೆ. ರಾಸಾಯನಿಕ ವಿಶ್ಲೇಷಣೆಗೆ ಕಳುಹಿಸಿದ ತುಣುಕುಗಳ ವರದಿಗಳು ಒಂದಕ್ಕೊಂದು ಸಾವಿರಕ್ಕೆ ಮೂರು ನಾಲ್ಕು ಪಾಲು ಹೊಂದಲಿಲ್ಲ. ಆ ಶುಲ್ಕ ವ್ಯರ್ಥವಾಯಿತು. ಉತ್ತರವನ್ನು ಪ್ರೋಟಾನಿನಿಂದಲೇ ಕೇಳಬಹುದೆಂದು ಆಮೇಲೆ ಹೊಳೆಯಿತು. 20 ಎಂಇವಿಯಲ್ಲಿ 60 ಡಿಗ್ರಿಗೆ ಸಂವೇಗ ವರ್ಗಾವಣೆ ಎಷ್ಟು ಚಿಕ್ಕದೆಂದರೆ, ತ್ರಿಜ್ಯ 0.84 ಇದ್ದರೂ 0.88 ಇದ್ದರೂ ಅಡ್ಡಛೇದ ಬದಲಾಗುವುದು ಹತ್ತು ಸಾವಿರಕ್ಕೆ ಎರಡು ಪಾಲಿನಷ್ಟು. ಅಲ್ಲಿ ಪ್ರೋಟಾನಿನ ಗಾತ್ರ ಬಹುಮಟ್ಟಿಗೆ ಕಾಣುವುದೇ ಇಲ್ಲ, ಕಾಣುವುದು ಸಂಖ್ಯೆ ಮಾತ್ರ. ಪ್ರತಿ ಹೆಚ್ಚಿನ ಶಕ್ತಿಯ ಓಟದ ಮುಂಚೆ ಮತ್ತು ನಂತರ ಈ ಬಿಂದುವಿಗೆ ಮರಳಿ ಬರುವುದನ್ನು ನಿಯಮ ಮಾಡಿಕೊಂಡೆವು.

ಇಂಗಾಲವನ್ನು ಅಳತೆಗೋಲಾಗಿ ಇಟ್ಟುಕೊಂಡವರು ಅದರ ಲೆಕ್ಕವನ್ನು ಬಾರ್ನ್ ಅಂದಾಜಿನಲ್ಲಿ (ಎಲೆಕ್ಟ್ರಾನಿನ ಅಲೆ ವಿರೂಪಗೊಳ್ಳುವುದಿಲ್ಲವೆಂಬ ಸರಳ ಲೆಕ್ಕದಲ್ಲಿ) ಮುಗಿಸಬಾರದು. ಕೂಲಂಬ್ ಬಲದಿಂದ ಎಲೆಕ್ಟ್ರಾನಿನ ಅಲೆ ವಿರೂಪಗೊಳ್ಳುವುದನ್ನು ಫೇಸ್ ಶಿಫ್ಟ್ ಲೆಕ್ಕದಿಂದಲೇ ಸೇರಿಸಬೇಕು. ಇಂಗಾಲದ ತ್ರಿಜ್ಯ ಸುಮಾರು 2.47 ಫೆಮ್ಟೋಮೀಟರ್ ಎಂಬುದು ಚೆನ್ನಾಗಿ ತಿಳಿದಿರುವುದರಿಂದ ಆ ಕಡೆಯಿಂದ ಬರುವ ದೋಷ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಶಿಖರಗಳೆರಡೂ ನಾಭಿತಲದಲ್ಲಿ (ಕಾಂತವು ಎಲೆಕ್ಟ್ರಾನುಗಳನ್ನು ಒಟ್ಟುಗೂಡಿಸುವ, ಶೋಧಕವಿರುವ ತಲದಲ್ಲಿ) ಬೇರೆ ಬೇರೆ ಪಟ್ಟಿಗಳ ಮೇಲೆ ಬೀಳುವುದರಿಂದ ಪಟ್ಟಿಗಳ ದಕ್ಷತೆಯ ವ್ಯತ್ಯಾಸ ನೇರವಾಗಿ ಉತ್ತರಕ್ಕೆ ಸೇರುತ್ತದೆ. ಕಾಂತಕ್ಷೇತ್ರವನ್ನು ಸಣ್ಣ ಹೆಜ್ಜೆಗಳಲ್ಲಿ ಬದಲಿಸಿ ಎರಡೂ ಶಿಖರಗಳನ್ನು ಒಂದೇ ಪಟ್ಟಿಗಳ ಮೇಲೆ ನಡೆಸಿದರೆ ಅದೂ ಕಳೆದುಹೋಗುತ್ತದೆ. ಹೆಜ್ಜೆಯ ಅಳತೆ ಎಷ್ಟಿರಬೇಕೆಂಬುದನ್ನು ಅವರವರ ಕಾಂತವೇ ಹೇಳಲಿ.

ನಡುವೆ ಕೆಲವು ಅಡ್ಡದಾರಿಗಳಿಗೂ ಹೋದದ್ದುಂಟು. ಪಾಲಿಸ್ಟೈರೀನ್ ವಿಕಿರಣಕ್ಕೆ ಹೆಚ್ಚು ಬಾಳುತ್ತದೆ, ನಮ್ಮ ಓಟದಲ್ಲಿಯೂ ಬಾಳಿತು. ಆದರೆ ಅದರಲ್ಲಿ ಇಂಗಾಲಕ್ಕೆ ಒಂದೇ ಹೈಡ್ರೋಜನ್ ಇರುವುದರಿಂದ ಎಣಿಕೆ ಅರ್ಧಕ್ಕೆ ಇಳಿದು, ಉಳಿಸಿದ ಹಾಳೆಗಿಂತ ಕಳೆದ ಸಮಯವೇ ದುಬಾರಿಯಾಯಿತು. ಪಾಲಿಇಮೈಡ್ ಹಾಳೆಯನ್ನೂ ಹಾಕಿ ನೋಡಿದೆ; ಸಾರಜನಕ ಮತ್ತು ಆಮ್ಲಜನಕದ ಶಿಖರಗಳು ಬಂದು ಸೇರಿ ಚಿತ್ರವನ್ನೇ ಕೆಡಿಸಿದವು. ಹೈಡ್ರೋಜನ್ನಿನ ಬದಲು ಡ್ಯೂಟೀರಿಯಂ ಇರುವ ಪಾಲಿಥೀನ್ ಮಾತ್ರ ನಿರೀಕ್ಷೆ ಮೀರಿತು. 60 ಎಂಇವಿಯಲ್ಲಿ 90 ಡಿಗ್ರಿಗೆ ಡ್ಯೂಟೆರಾನ್ ಶಿಖರ ಇಂಗಾಲದಿಂದ ಒಂದೂವರೆ ಎಂಇವಿ ದೂರ ನಿಂತಿತು, ಡ್ಯೂಟೆರಾನ್ ಒಡೆದು ಬರುವ ಎಣಿಕೆಗಳು 2.2 ಎಂಇವಿ ಆಚೆಗೇ ಶುರುವಾದವು. ಆ ಹಾಳೆ ಮಾತ್ರ ಅಗ್ಗವಲ್ಲ, ಅಂಗೈಯಗಲದ ತುಣುಕಿಗೆ ನಾವು ಕೊಟ್ಟ ಬೆಲೆಯಲ್ಲಿ ಸಾಮಾನ್ಯ ಪಾಲಿಥೀನನ್ನು ಹಲವು ವರ್ಷ ಬಳಸಬಹುದಿತ್ತು.

ಸದ್ಯ ಹೈಡ್ರೋಜನ್ ಮತ್ತು ಇಂಗಾಲದ ಅನುಪಾತ ಬೇರೆ ಬೇರೆ ಓಟಗಳಲ್ಲಿ, ಬೇರೆ ಬೇರೆ ಹಾಳೆಗಳಲ್ಲಿ, ನೆನಪಿನಿಂದ ಹೇಳುವುದಾದರೆ ಸಾವಿರಕ್ಕೆ ಒಂದೆರಡು ಪಾಲಿನೊಳಗೆ ಮರುಕಳಿಸುತ್ತಿದೆ. ನಕ್ಕಿದ್ದ ಹಿರಿಯರು ಆ ನಕ್ಷೆಯನ್ನು ತಾವೇ ಕೇಳಿ ಪಡೆದರು. ತ್ರಿಜ್ಯ ಎಷ್ಟು ಬಂತೆಂದು ಅವರೂ ಕೇಳಿದರು. ಉತ್ತರ ಮೊದಲೇ ಕಂಡು ನಮ್ಮ ಲೆಕ್ಕ ವಾಲದಿರಲೆಂದು ಬೀಮಿನ ಶಕ್ತಿಗಳಿಗೆ ಗುಂಪಿನ ಒಬ್ಬರು ಮಾತ್ರ ಬಲ್ಲ ಒಂದು ಗುಣಕವನ್ನು ಸೇರಿಸಿಟ್ಟಿದ್ದೇವೆ, ಬೀಮ್ ಬಂದ ಕಡೆಗೆ ಮರಳುವ ಹಿಂದಿನ ಕೋನಗಳ ಕಾಂತೀಯ ಪಾಲಿನ ಲೆಕ್ಕ ಮುಗಿಯುವವರೆಗೆ ಅದನ್ನು ತೆಗೆಯುವುದಿಲ್ಲ ಎಂದು ಅವರಿಗೂ ಉತ್ತರಿಸಿದ್ದೇನೆ.