ವೀಲ್ ಕ್ಯಾಪಿನ ಗಿಟಾರು ಮಾಡುವ ಬಗೆ

ಮಂಗಳೂರು ಬಂದರಿನ ಗುಜರಿ ಅಂಗಡಿಗಳಲ್ಲಿ ಅಂಬಾಸಿಡರ್ ಕಾರಿನ ವೀಲ್ ಕ್ಯಾಪು ಕಣ್ಣಿಗೆ ಬಿದ್ದರೆ ಬಿಡಬೇಡಿ. ಆ ಕಾರಿನ ತಯಾರಿ 2014ಕ್ಕೇ ನಿಂತಿತು. ನೆಗ್ಗಿದ್ದರೆ ತೊಂದರೆಯಿಲ್ಲ, ತುಕ್ಕು ಹಿಡಿದು ತೂತಾಗಿರಬಾರದು, ಅಷ್ಟೆ. ನಾನು ಟಿಂಕರಿಂಗ್ ಕೆಲಸದವ, ನೆಗ್ಗು ತೆಗೆಯುವುದು ಹತ್ತು ನಿಮಿಷದ ಮಾತು.

ಈ ಜಾತಿಯ ಗಿಟಾರಿಗೆ ರೆಸೊನೇಟರ್ ಎನ್ನುತ್ತಾರೆ. ಕರೆಂಟಿನ ಗಿಟಾರು ಬರುವ ಮೊದಲು ವಾದ್ಯಮೇಳದ ತುತ್ತೂರಿಗಳ ನಡುವೆ ಗಿಟಾರಿನ ಸ್ವರ ಮುಳುಗಿಹೋಗುತ್ತಿತ್ತು. 1927ರ ಹೊತ್ತಿಗೆ ಅಮೆರಿಕದಲ್ಲಿ ಜಾನ್ ಡೊಪ್ಯೇರಾ ಎಂಬವರು ಅದರ ಹೊಟ್ಟೆಯೊಳಗೆ ತೆಳು ಅಲ್ಯುಮಿನಿಯಂ ಬೋಗುಣಿಗಳನ್ನು ಕೂರಿಸಿದರು. ತಂತಿ ಕುದುರೆಯನ್ನು, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಸಣ್ಣ ಮರದ ಪಟ್ಟಿಯನ್ನು, ನಡುಗಿಸುತ್ತದೆ, ಕುದುರೆ ಬೋಗುಣಿಯನ್ನು. ಜೋರು ಸದ್ದು ಬರುವುದು ಆ ಬೋಗುಣಿಯಿಂದ.

ಮೊದಲ ಸಲ ನಾನು ವೀಲ್ ಕ್ಯಾಪನ್ನೇ ಬೋಗುಣಿ ಮಾಡಿದ್ದೆ. ಟಣ್ ಎಂದದ್ದೇ ಸ್ವರ ಸತ್ತುಹೋಯಿತು. ಅಷ್ಟು ಭಾರದ ಉಕ್ಕನ್ನು ಅಲುಗಿಸುವ ಶಕ್ತಿ ತಂತಿಗೆಲ್ಲಿ? ಹಾಗಾಗಿ ಕ್ಯಾಪು ಮುಚ್ಚಳಕ್ಕೆ ಮಾತ್ರ.

ಬೋಗುಣಿಗೆ ಅರ್ಧ ಮಿಲಿಮೀಟರಿನ ಅಲ್ಯುಮಿನಿಯಂ ತಗಡನ್ನು ದುಂಡಗೆ ಕತ್ತರಿಸಿ. ಮೇಲೆ ಬಟ್ಟೆ ಸೋಪು ಉಜ್ಜಿ, ಅಡಿಯಿಂದ ಗ್ಯಾಸಿನ ಬೆಂಕಿ ಕೊಡಿ. ಸೋಪು ಕಂದಾಗಿ ಕಪ್ಪಿಗೆ ತಿರುಗುತ್ತಿದ್ದಂತೆ ಬೆಂಕಿ ತೆಗೆಯಿರಿ. ಅಲ್ಯುಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಸುವುದಿಲ್ಲ, ಸೀದಾ ಕರಗಿ ಬೀಳುತ್ತದೆ. ತಣಿದ ತಗಡು ರಟ್ಟಿನ ಹಾಗೆ ಮೆದು. ಮರಳು ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಸುತ್ತುಸುತ್ತಾಗಿ ಬಡಿಯಿರಿ. ಬಡಿದಷ್ಟೂ ತಗಡು ಗಟ್ಟಿಯಾಗುತ್ತದೆ. ಡಬ್ ಡಬ್ ಎನ್ನುತ್ತಿದ್ದದ್ದು ಟಿಣ್ ಎನ್ನಲು ತೊಡಗುತ್ತದೆ. ಒಂದಿಂಚು ಆಳ ಬರದಿದ್ದರೆ ಪುನಃ ಸೋಪು, ಪುನಃ ಬೆಂಕಿ. ಆದರೆ ಕೊನೆಯ ಸುತ್ತು ಬಡಿದ ಮೇಲೆ ಕಾಯಿಸಬೇಡಿ. ಆ ಗಟ್ಟಿತನದಲ್ಲೇ ಸ್ವರ ಉಂಟು. ಅಂಚನ್ನು ಗಾಜಿನ ಮೇಲೆ ಕವುಚಿ ನೋಡಿ, ಎಲ್ಲೂ ಬೆಳಕು ಕಾಣಬಾರದು.

ಪೆಟ್ಟಿಗೆಗೆ ನಾನು ಹಳೆ ಮನೆಯ ಹಲಸಿನ ಹಲಗೆ ಬಳಸಿದೆ. ವೀಣೆಗೂ ಹಲಸೇ ತಾನೆ. ಕುತ್ತಿಗೆಯನ್ನು ಒಡೆದ ಗಿಟಾರಿನಿಂದ ತೆಗೆಯಿರಿ. ಪೆಟ್ಟಿಗೆಯ ಒಳಗೆ ಬಾಲದವರೆಗೆ ಒಂದು ರೀಪು ಹಾಯಬೇಕು, ತಂತಿಯ ಎಳೆತವೆಲ್ಲ ಅದಕ್ಕೇ. ಬಾಲದಲ್ಲಿ ತಂತಿ ಕಟ್ಟಲು ಬಾಗಿಲಿನ ಬಿಜಾಗ್ರಿ ಸಾಕು. ಕುತ್ತಿಗೆಯ ತುದಿಯಲ್ಲಿ ತಂತಿ ಹಾಯುವ ತಲೆಯ ಪಟ್ಟಿಯಿಂದ ಹನ್ನೆರಡನೇ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಗೆರೆಗೆ) ಎಷ್ಟು ದೂರವೋ ಅದರ ಎರಡರಷ್ಟಕ್ಕೆ ಕುದುರೆ. ಬೋಗುಣಿಯ ನಡುಮಧ್ಯ ಸರಿಯಾಗಿ ಅಲ್ಲಿಗೇ ಬರಬೇಕು.

ಅಲ್ಲಿ ದುಂಡಗೆ ಕೊರೆದು ಒಳಗೆ ಮರದ ಕಟ್ಟೆ ಕೊಟ್ಟು, ಬೋಗುಣಿಯನ್ನು ಕವುಚಿ ಇಡಿ. ಅದರ ನೆತ್ತಿಗೆ ಮರದ ಬಿಲ್ಲೆಯೊಂದನ್ನು ಒಂದೇ ಸ್ಕ್ರೂವಿನಲ್ಲಿ ಬಿಗಿದು, ಬಿಲ್ಲೆಯ ಮೇಲೆ ಬೀಟೆಯ ಕುದುರೆ. ಬೋಗುಣಿಯ ಅಂಚಿಗೆ ಮಾತ್ರ ಗಮ್ಮು ಬೇಡ, ಸ್ಕ್ರೂ ಬೇಡ. ನನ್ನ ಎರಡನೇ ಗಿಟಾರಿನಲ್ಲಿ ಭದ್ರವಾಗಲಿ ಎಂದು ಎಂಟು ಸ್ಕ್ರೂ ಹೊಡೆದು ಸ್ವರದ ಕತ್ತು ಹಿಸುಕಿದ್ದೆ. ತಂತಿಯ ಭಾರವೇ ಅದನ್ನು ಕೂರಿಸುತ್ತದೆ. ವೀಲ್ ಕ್ಯಾಪಿನ ನಡುವೆ ಕುದುರೆಗೆ ಜಾಗ ಕತ್ತರಿಸಿ, ಸದ್ದು ಹೊರಬರಲು ತೂತು ಕೊರೆದು ಮುಚ್ಚಿ.

ಶ್ರುತಿ ದಪ್ಪ ತಂತಿಯಿಂದ ಡಿ, ಜಿ, ಡಿ, ಜಿ, ಬಿ, ಡಿ. ಮಡಿಲಲ್ಲಿ ಮಲಗಿಸಿ ನುಡಿಸಲು ತಂತಿಯ ಮೇಲೆ ಜಾರಿಸುವ ಸರಳೊಂದು ಬೇಕು. ಇಂಜಿನ್ನಿನ ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿಗಿಂತ ಒಳ್ಳೆಯ ಸರಳು ನಾನು ಕಂಡಿಲ್ಲ. ಗಟ್ಟಿ ಉಕ್ಕು, ಕನ್ನಡಿಯಷ್ಟು ನುಣುಪು. ಎಲ್ಲಾದರೂ ಜೀರ್ ಎಂದರೆ ತಂತಿ ಸಡಿಲಿಸಿ, ಕ್ಯಾಪು ತೆಗೆದು, ಬೋಗುಣಿಯನ್ನು ಒಂದು ಬೆರಳಿನಷ್ಟು ತಿರುಗಿಸಿ ಕುದುರೆಯನ್ನು ಪುನಃ ನೇರಕ್ಕೆ ಕೂರಿಸಿ ನೋಡಿ.