ಡಿಗ್ರಿ ಮುಗಿದ ಮೇಲಿನ ಒಂದು ವರ್ಷ: ಕೊಡಗಿನಲ್ಲಿ ಪ್ರೇಮಹಾಸ್ಯವೊಂದನ್ನು ಕಟ್ಟಿದ ಬಗೆ

ಪದವಿ ಮುಗಿಸಿ, ಮುಂದೇನೆಂದು ತೋಚದೆ ಊರಿನಲ್ಲೇ ಉಳಿದ ಹುಡುಗ ಹುಡುಗಿಯರ ಪ್ರೇಮಹಾಸ್ಯವೊಂದನ್ನು ನಾನು ಕಡಿಮೆ ಖರ್ಚಿನಲ್ಲಿ ಕೊಡಗಿನಲ್ಲಿಯೇ ಬರೆದು ನಿರ್ದೇಶಿಸಿದೆ. ಹೊರಗಿನಿಂದ ಬರುವ ಚಿತ್ರತಂಡಗಳು ರಾಜಾಸೀಟಿನ ಮಂಜನ್ನೂ ಅಬ್ಬಿ ಜಲಪಾತವನ್ನೂ ಒಂದು ಹಾಡಿಗೆ ತುಂಬಿಕೊಂಡು ಹೊರಟುಬಿಡುತ್ತವೆ. ನನಗೆ ಬೇಕಾಗಿದ್ದುದು ಆ ನೋಟಗಳ ಹಿಂದೆ ತೋಟ, ಬಸ್ಸು, ಮದುವೆ, ಹಾಕಿಗಳ ನಡುವೆ ನಡೆಯುವ ಬದುಕು. ಅದರಿಂದಲೇ ಕಥೆಯ ತಿರುವುಗಳೆಲ್ಲ ಹುಟ್ಟಬೇಕೆಂದು ಮೊದಲೇ ನಿರ್ಧರಿಸಿದ್ದೆ.

ಇಂಥ ಕಥೆಯನ್ನು ಬರೆಯಲು ಕುಳಿತವರಿಗೆ ಎದುರಾಗುವ ತೊಡಕು ಒಂದೇ: ನಾಯಕನಿಗೆ ಏನೂ ಬೇಕಾಗಿಲ್ಲ. ಪ್ರೇಮಹಾಸ್ಯ ನಿಲ್ಲುವುದು ಬಯಕೆ ಮತ್ತು ಅಡ್ಡಿಯ ಮೇಲೆ. ದಿಕ್ಕಿಲ್ಲದವನಿಗೆ ಬಯಕೆಯೇ ಸ್ಪಷ್ಟವಿಲ್ಲದಿರುವಾಗ ದೃಶ್ಯಗಳು ಕಟ್ಟೆಯ ಹರಟೆಯಾಗಿ ಕರಗಿಹೋಗುತ್ತವೆ. ಕೆಲಸವಿಲ್ಲದವನಿಗಿಂತ ಕೆಲಸವಿಲ್ಲದಿರುವುದನ್ನು ಮುಚ್ಚಿಡುವವನು ಹೆಚ್ಚು ದುಡಿಯುತ್ತಾನೆಂಬುದನ್ನು ನಾನು ಸುತ್ತಮುತ್ತ ಕಂಡಿದ್ದೆ, ಆದ್ದರಿಂದ ಕಥೆಯನ್ನು ಅಲ್ಲಿಂದಲೇ ಎತ್ತಿಕೊಂಡೆ. ನಾಯಕ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆಂದು ಮನೆಯಲ್ಲಿ ಹೇಳಿ, ಬೆಳಿಗ್ಗೆ ಚೀಲ ಹೊತ್ತು ಮಡಿಕೇರಿಗೆ ಹೋಗಿ, ಸಂಜೆಯವರೆಗೆ ಅಲೆದು ಬರುತ್ತಾನೆ. ನಾಯಕಿ ಬೆಂಗಳೂರಿನ ಕೆಲಸ ಬಿಟ್ಟು ಬಂದವಳು. ಮನೆಯಲ್ಲಿ ಮಾತ್ರ ವರ್ಕ್ ಫ್ರಮ್ ಹೋಮ್ ಎಂದಿದ್ದಾಳೆ. ಮನೆಯೊಳಗೆ ನೆಟ್‌ವರ್ಕ್ ಸಿಗದ ಕಾರಣ ಅವಳು ದಿನವೂ ಲ್ಯಾಪ್‌ಟಾಪ್ ಹಿಡಿದು ತೋಟದ ಮೇಲಿನ ಗುಡ್ಡ ಹತ್ತುತ್ತಾಳೆ, ಅಲ್ಲಿ ಮಾಡಲು ಏನೂ ಇರುವುದಿಲ್ಲ. ಇಬ್ಬರಿಗೂ ಇನ್ನೊಬ್ಬರ ಸುಳ್ಳು ಗೊತ್ತಾದ ಕ್ಷಣದಿಂದ ಒಂದು ಒಪ್ಪಂದ ಶುರುವಾಗುತ್ತದೆ, ಪ್ರೀತಿಯನ್ನು ಮನೆಗೆ ತಿಳಿಸಬೇಕಾದರೆ ಸುಳ್ಳನ್ನೂ ಜೊತೆಗೇ ತಿಳಿಸಬೇಕಾಗುತ್ತದೆ. ಇಷ್ಟು ಸಿಕ್ಕ ಮೇಲೆ ಹಾಸ್ಯಕ್ಕಾಗಿ ಬೇರೆ ವಿದೂಷಕನನ್ನು ಹುಡುಕುವ ಅಗತ್ಯ ಬೀಳಲಿಲ್ಲ.

ಹೆಸರಿಡುವುದು ನಾನೆಣಿಸಿದ್ದಕ್ಕಿಂತ ಸೂಕ್ಷ್ಮವಾದ ಕೆಲಸವಾಗಿತ್ತು. ಕೊಡವರಲ್ಲೂ ಅರೆಭಾಷೆ ಗೌಡರಲ್ಲೂ ಮನೆಹೆಸರು ಮೊದಲು ಬರುತ್ತದೆ, ಅದನ್ನು ಕೇಳಿದೊಡನೆ ಊರು, ಬಂಧುಬಳಗ, ಹಳೆಯ ವ್ಯಾಜ್ಯಗಳೆಲ್ಲ ಕೇಳಿದವರ ತಲೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಇರುವ ಮನೆಹೆಸರನ್ನು ಸುಳ್ಳು ಹೇಳುವ ಪಾತ್ರಕ್ಕೆ ಅಂಟಿಸುವಂತಿರಲಿಲ್ಲ, ಇಲ್ಲದ್ದನ್ನು ಸೃಷ್ಟಿಸಿದರೆ ಇಲ್ಲಿನ ಪ್ರೇಕ್ಷಕ ಒಪ್ಪುವುದಿಲ್ಲ. ಹಾಗಾಗಿ ಪಾತ್ರಗಳೆಲ್ಲ ಕಾಲೇಜಿನ ಅಡ್ಡಹೆಸರುಗಳಲ್ಲೇ ಉಳಿದರು, ಹಿರಿಯರು ಗದರುವಾಗ ಮಾತ್ರ ಕೊಡವರ ಭಾಷೆಯಾದ ಕೊಡವ ತಕ್ಕ್ ಬಳಸಿದೆ.

ಮಧ್ಯಂತರಕ್ಕೆ ನನಗೆ ದೊರೆತದ್ದು ಹಾಕಿ. ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದರು. ತಂಡ ಕಟ್ಟುವುದು ಮನೆಹೆಸರಿನ ಮೇಲೆ, ಮತ್ತು ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಗಂಡಸರ ಜೊತೆ ಆಡಬಹುದು. ಪ್ರೇಮಕಥೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ನಿಯಮ ಬೇಕೆ? ಬೇರೆ ಬೇರೆ ಮನೆಯವರಾದ್ದರಿಂದ ನಾಯಕ ನಾಯಕಿ ಎದುರಾಳಿಗಳಾಗಲೇಬೇಕು. ಊರಿನಲ್ಲಿ ಬಿಡುವಾಗಿರುವವನೆಂಬ ಒಂದೇ ಅರ್ಹತೆಯ ಮೇಲೆ ನಾಯಕನನ್ನು ಗೋಲಿಗೆ ನಿಲ್ಲಿಸುತ್ತಾರೆ, ಚೆಂಡು ಹಿಡಿದು ನುಗ್ಗಿ ಬರುವವಳು ನಾಯಕಿ. ಗ್ಯಾಲರಿಯಲ್ಲಿ ಕುಳಿತ ಎರಡೂ ಮನೆಯವರು ತಮ್ಮ ಮಕ್ಕಳ ಉದ್ಯೋಗದ ಬಗ್ಗೆ ಪರಸ್ಪರ ಕೊಚ್ಚಿಕೊಳ್ಳುವ ಮಾತುಗಳನ್ನು ಆಟದ ನಡುನಡುವೆ ಕತ್ತರಿಸಿ ಜೋಡಿಸಿದೆವು. ಚಿತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದೇ.

ಕಾಲದ ಚೌಕಟ್ಟನ್ನು ಕಾಫಿಯಿಂದ ಪಡೆದೆ. ಕಾಫಿ ಗಿಡ ಹೂ ಬಿಡಲು ಬೇಕಾದ ಫೆಬ್ರವರಿ ಮಾರ್ಚ್‌ನ ಹೂಮಳೆಯಿಂದ ತೊಡಗಿ ಕುಯಿಲಿನವರೆಗೆ ಹಿರಿಯರ ವರ್ಷ ಗೊತ್ತಾದ ಹಾದಿಯಲ್ಲಿ ಸಾಗುತ್ತದೆ, ಅದೇ ಮನೆಯ ಪದವೀಧರನ ವರ್ಷಕ್ಕೆ ಹಾದಿಯೇ ಇಲ್ಲ. ಈ ವೈದೃಶ್ಯವನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸದೆ ಹಿನ್ನೆಲೆಯಲ್ಲಿಯೇ ಇಟ್ಟೆ. ಹೂವಿನ ದೃಶ್ಯದ ಚಿತ್ರೀಕರಣದ ಬಗ್ಗೆ ಒಂದು ವಿಷಯವನ್ನು ಇಂಥ ಕೆಲಸಕ್ಕೆ ಕೈಹಾಕುವವರು ತಿಳಿದಿರಬೇಕು. ಮಳೆಯನ್ನು ನಂಬಿ ಕಲಾವಿದರನ್ನು ಕರೆಸಲಾಗದು, ಏಕೆಂದರೆ ಅರಳಿದ ಹೂವು ಎರಡು ಮೂರು ದಿನಗಳಲ್ಲಿ ಬಾಡುತ್ತದೆ. ಆದರೆ ರೊಬಸ್ಟಾ ಜಾತಿಯ ಕಾಫಿ ಬೆಳೆಯುವವರಲ್ಲಿ ಅನೇಕರು ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸಿ ಹೂ ಅರಳಿಸುತ್ತಾರೆ, ನೀರು ಬಿದ್ದ ಸುಮಾರು ಒಂದು ವಾರಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಯಾವ ಭಾಗಕ್ಕೆ ಯಾವ ದಿನ ನೀರು ಕೊಡುತ್ತಾರೆಂದು ಮಾಲೀಕರಿಂದ ಮೊದಲೇ ಕೇಳಿಕೊಂಡು ನಾವು ಆ ದೃಶ್ಯವನ್ನು ನಿಗದಿ ಮಾಡಿದೆವು. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಕೃಷಿಯ ಈ ಪಾಠವನ್ನು ನಾಯಕಿಯ ಅಜ್ಜ ಏನೂ ಅರಿಯದವರಂತೆ ಆ ಇಬ್ಬರ ನಡುವೆ ನಿಂತು ಹೇಳುವಂತೆ ಬರೆದೆ, ನಟಿಸಿದ ಹಿರಿಯರು ಅದನ್ನು ನಗದೆ ಹೇಳಿದ್ದರಿಂದಲೇ ದೃಶ್ಯ ಗೆದ್ದಿತು.

ಮಳೆಗಾಲದ ಚಿತ್ರೀಕರಣದಲ್ಲಿ ತಗಡಿನ ಮಾಡಿನ ಕೆಳಗೆ ಮಾತನ್ನು ಶುದ್ಧವಾಗಿ ಹಿಡಿಯುವುದು ಆಗದ ಮಾತು; ಒಳಾಂಗಣದ ಸಂಭಾಷಣೆಯನ್ನು ಡಬ್ಬಿಂಗ್‌ಗೆಂದೇ ಲೆಕ್ಕ ಹಾಕಿ, ಮೌನದ ದೃಶ್ಯಗಳನ್ನು ಆ ತಿಂಗಳುಗಳಿಗೆ ಹಂಚಿದೆ. ಬೆಚ್ಚಗಿನ ಕೋಣೆಗೆ ತಂದ ಕ್ಯಾಮೆರಾದ ಲೆನ್ಸ್ ಮಂಜಾಗದಿರಲು ಅದನ್ನು ಚೀಲದಲ್ಲಿಯೇ ಸ್ವಲ್ಪ ಹೊತ್ತು ಬಿಡಬೇಕು. ನಾಯಕ ಸಿಗರೇಟು ಸೇದುವುದಿಲ್ಲ. ಅದು ಅವನ ಸದ್ಗುಣವೇನಲ್ಲ, ಸೇದಿದರೆ ತೆರೆಯ ಮೇಲೆ ಬರಬೇಕಾದ ಎಚ್ಚರಿಕೆಯ ಸಾಲು ನನಗೆ ಬೇಡವಾಗಿತ್ತು. ಕೊಡಗಿನ ತೋಟದ ಮನೆಯೆಂದರೆ ನಾಯಿ ಇರಲೇಬೇಕು, ಆದರೆ ಪ್ರಾಣಿಯನ್ನು ನಟಿಸಲು ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆಯಬೇಕಾದುದರಿಂದ ನಮ್ಮ ಚಿತ್ರದ ನಾಯಿ ಬೊಗಳುವುದು ಮಾತ್ರ ಕೇಳಿಸುತ್ತದೆ.

ಕ್ಲೈಮ್ಯಾಕ್ಸಿಗೆ ರೈಲು ನಿಲ್ದಾಣದ ಓಟ ಇಲ್ಲಿ ಅಸಾಧ್ಯ, ಜಿಲ್ಲೆಯಲ್ಲಿ ರೈಲೇ ಇಲ್ಲ. ಭೂಪಟ ಮುಂದಿಟ್ಟುಕೊಂಡು ಕುಳಿತಾಗ ಪರಿಹಾರ ಸಿಕ್ಕಿತು. ಸುಳ್ಳು ಬಯಲಾದ ಮೇಲೆ ನಾಯಕಿ ಮೈಸೂರಿಗೆ ಹೊರಡುತ್ತಾಳೆ; ಅವಳು ಬರುತ್ತಾಳೆಂದು ನಾಯಕ ಮಡಿಕೇರಿಯ ಬಸ್ ನಿಲ್ದಾಣದಲ್ಲಿ ಕಾಯುತ್ತಾನೆ. ವಿರಾಜಪೇಟೆ ಕಡೆಯ ಅವಳಿಗೆ ಮಡಿಕೇರಿಗೆ ಬರುವ ಕಾರಣವೇ ಇಲ್ಲ, ಗೋಣಿಕೊಪ್ಪಲು ತಿತಿಮತಿ ದಾರಿಯಲ್ಲಿ ಅವಳ ಬಸ್ಸು ಹೋಗಿಬಿಟ್ಟಿರುತ್ತದೆ. ಅವನು ಕುಶಾಲನಗರದ ದಾರಿಯ ಬಸ್ಸು ಹತ್ತುತ್ತಾನೆ, ಎರಡು ರಸ್ತೆಗಳೂ ಹುಣಸೂರಿನಲ್ಲಿ ಕೂಡುತ್ತವೆ. ಹೀಗಾಗಿ ಕೊಡಗಿನ ಈ ಕಥೆಯ ಮುಖ್ಯ ಮಾತುಕತೆ ಮೈಸೂರು ಜಿಲ್ಲೆಯ ಬಸ್ ನಿಲ್ದಾಣವೊಂದರ ಗದ್ದಲದಲ್ಲಿ, ಬೆಟ್ಟ ಮಂಜು ಯಾವುದೂ ಇಲ್ಲದ ಕಡೆ ನಡೆಯುತ್ತದೆ.

ಕರಡು ಓದಿದ ಹಲವರು, ಕೊನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತೆಂದು ಒಂದು ಮಾತಾದರೂ ಸೇರಿಸಿ ಎಂದು ಒತ್ತಾಯಿಸಿದರು. ನಾನು ಸೇರಿಸಲಿಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಜಾರಿಗೆ ಬಂದ ಮೇಲೆ ನಾಯಕಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ. ನಾಯಕನ ಜೇಬಿನಲ್ಲಿದ್ದ ಹಣ ಹುಣಸೂರಿಗೆ ಬರುವಷ್ಟರಲ್ಲೇ ಖಾಲಿಯಾಗಿದೆ. ಮುಂದಿನ ಬಸ್ಸಿನಲ್ಲಿ ಅವನ ಟಿಕೆಟಿಗೆ ದುಡ್ಡು ಕೊಡುವವಳು ಅವಳು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದಾಗ ಇಬ್ಬರೂ ಒಟ್ಟಿಗೆ ಬೇರೆ ಬೇರೆ ಊರಿನ ಹೆಸರು ಹೇಳುತ್ತಾರೆ, ಕಂಡಕ್ಟರ್ ರೇಗುತ್ತಾನೆ, ಚಿತ್ರ ಮುಗಿಯುತ್ತದೆ.