ಫೈನಲ್ ಮಿಕ್ಸ್ ಯಾವ ಫಾರ್ಮ್ಯಾಟಲ್ಲಿ ತೆಗೀಬೇಕು? ಎಕ್ಸ್‌ಪೋರ್ಟ್ ಒತ್ತೋಕೆ ಮುಂಚೆ ಇದನ್ನೊಮ್ಮೆ ಓದ್ಕೊಳ್ಳಿ

ಹೋದ ತಿಂಗಳು ಭಾವಗೀತೆ ಹಾಡೋ ಒಬ್ರು ಮಾಸ್ಟರಿಂಗ್‌ಗೆ (ಎಲ್ಲಾ ಟ್ರ್ಯಾಕ್ ಸೇರಿಸಿದ ಮಿಕ್ಸ್‌ಗೆ ಬಿಡುಗಡೆಗೆ ಮುಂಚೆ ಕೊಡೋ ಕೊನೇ ಹದ) ಅಂತ ಆರು ಹಾಡು ಕಳಿಸಿದ್ರು. ಫೈಲ್ ಹೆಸರು ‘ಫೈನಲ್ ಫೈನಲ್ ಹೊಸದು 2’. ನೋಡೋಕೆ ವೇವ್, ಸೈಜಲ್ಲೂ ವೇವ್, ಆದ್ರೆ ಆಡಾಸಿಟಿ ಅನ್ನೋ ಸಾಫ್ಟ್‌ವೇರಲ್ಲಿ ಸ್ಪೆಕ್ಟ್ರೋಗ್ರಾಂ (ಯಾವ ಸ್ವರದೆತ್ತರದಲ್ಲಿ ಎಷ್ಟು ಸದ್ದಿದೆ ಅಂತ ತೋರಿಸೋ ಚಿತ್ರ) ತೆಗೆದ್ರೆ 16 ಕಿಲೋಹರ್ಟ್ಸ್ ಮೇಲೆ ಕತ್ತರಿ ಹಾಕಿದ ಹಾಗೆ ಖಾಲಿ. ಫೋನ್ ಮಾಡಿ ಕೇಳಿದ್ರೆ ‘ನೀವು ವೇವ್ ಬೇಕು ಅಂದ್ರಲ್ಲ, ನನ್ಹತ್ರ ಇದ್ದ ಎಂಪಿತ್ರೀನೇ ಕನ್ವರ್ಟ್ ಮಾಡ್ಸಿ ಕಳಿಸ್ದೆ’ ಅಂದ್ರು. ಹಿಂಡಿದ ಕಬ್ಬಿನ ಸಿಪ್ಪೆನ ನೀಟಾಗಿ ಕಟ್ಟಿ ಜಲ್ಲೆ ಅಂತ ಕೊಟ್ರೆ ಹಾಲು ಬರುತ್ತಾ? ಎಂಪಿತ್ರೀ ಮಾಡುವಾಗ ಹೋದದ್ದು ಹೋಯ್ತು, ಡಬ್ಬ ಬದಲಾಯಿಸಿದ್ರೆ ವಾಪಸ್ ಬರಲ್ಲ. ಇದೇ ತಪ್ಪು ವರ್ಷಕ್ಕೆ ಹತ್ತು ಸಲ ನೋಡಿ ಸಾಕಾಗಿ ಇದನ್ನ ಬರೀತಿದೀನಿ.

ಹೆಜ್ಜೆ 1: ಫೈಲ್ ಟೈಪ್

ವೇವ್. ಮುಗೀತು. ಆಪಲ್ ಮಷಿನ್‌ನಲ್ಲಿ ಎಐಎಫ್‌ಎಫ್ (ಆಪಲ್‌ನೋರ ಅದೇ ಥರದ ಫಾರ್ಮ್ಯಾಟ್) ಬಂದ್ರೂ ಸೌಂಡಲ್ಲಿ ಏನೂ ವ್ಯತ್ಯಾಸ ಇಲ್ಲ.

ಹೆಜ್ಜೆ 2: ಬಿಟ್ ಡೆಪ್ತ್

ಅತಿ ಮೆಲ್ಲಗಿನ ಸದ್ದಿಂದ ಅತಿ ಜೋರಿನವರೆಗೆ ಫೈಲ್ ಎಷ್ಟು ಅಂತರ ಹಿಡಿಯುತ್ತೆ ಅನ್ನೋದು ಇದು. ಒಂದು ಬಿಟ್ಟಿಗೆ ಹೆಚ್ಚುಕಮ್ಮಿ 6 ಡೆಸಿಬೆಲ್ ಅಂತ ಲೆಕ್ಕ, ಅಂದ್ರೆ 16 ಬಿಟ್ಟಿಗೆ 96, 24 ಬಿಟ್ಟಿಗೆ 144. ಕೇಳೋಕೆ 16 ಸಾಕು, ಸಿಡಿ ಇರೋದೇ ಅದರಲ್ಲಿ. ಆದ್ರೆ ಮಿಕ್ಸ್ ಅನ್ನೋದು ಇನ್ನೂ ಮಾಸ್ಟರಿಂಗ್‌ನಲ್ಲಿ ಏರಿಸಿ ಇಳಿಸಿ ಒತ್ತಿಸ್ಕೊಳ್ಳೋ ಮಾಲು, ಅದಕ್ಕೆ ಜಾಗ ಬೇಕು, 24 ಇಡಿ. 32 ಬಿಟ್ ಫ್ಲೋಟ್ ಇನ್ನೂ ಒಳ್ಳೇದಲ್ವಾ ಅಂತ ಕೇಳ್ತಾರೆ. ಅದರ ಒಂದು ಉಪಕಾರ ಏನಂದ್ರೆ, ಲೆವೆಲ್ ಸೊನ್ನೆ (ಡಿಜಿಟಲ್‌ನಲ್ಲಿ ಮೇಲಿನ ಮಿತಿ ಅದೇ) ದಾಟಿದ್ರೂ ತಲೆ ಕತ್ತರಿಸಿ ಹೋಗಲ್ಲ, ಆಮೇಲೆ ಇಳಿಸಿದ್ರೆ ಪೂರ್ತಿ ವಾಪಸ್ ಸಿಗುತ್ತೆ. ಮಾಸ್ಟರಿಂಗ್ ಮಾಡೋರು ‘ಓಕೆ’ ಅಂದ್ರೆ ಅದನ್ನೇ ಕೊಡಿ. ಕೇಳೋಕೆ ಸಂಕೋಚ ಆದ್ರೆ 24 ಕೊಡಿ, ಪೀಕ್ (ಅತಿ ಜೋರಿನ ಜಾಗ) ಮೈನಸ್ 3 ಡೆಸಿಬೆಲ್ ಕೆಳಗಿರ್ಲಿ.

ಹೆಜ್ಜೆ 3: ಸ್ಯಾಂಪಲ್ ರೇಟ್, ಎಲ್ರೂ ಬೀಳೋ ಗುಂಡಿ

ಸ್ಯಾಂಪಲ್ ರೇಟ್ ಅಂದ್ರೆ ದನಿನ ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೀತಾರೆ ಅನ್ನೋದು, ಕಿಲೋಹರ್ಟ್ಸ್ ಲೆಕ್ಕದಲ್ಲಿ. ನಿಯಮ ಒಂದೇ. ರೆಕಾರ್ಡಿಂಗ್ ಯಾವ ರೇಟಲ್ಲಿ ಆಗಿದ್ಯೋ ಮಿಕ್ಸೂ ಅದೇ ರೇಟಲ್ಲಿ ಹೊರಗೆ ಬರ್ಬೇಕು. 48ರಲ್ಲಿ ಹಾಡ್ಸಿದ್ರೆ 48, 44.1 ಆದ್ರೆ 44.1. 44.1ರಲ್ಲಿ ಹಾಡ್ಸಿ ಕೊನೇಲಿ 96 ಮಾಡಿದ್ರೆ ಹೊಸ ಸ್ವರ ಏನೂ ಹುಟ್ಟಲ್ಲ, ಫೈಲ್ ಮಾತ್ರ ದಪ್ಪ ಆಗುತ್ತೆ. ರೇಟಿನ ಅರ್ಧದವರೆಗಿನ ಸ್ವರ ಫೈಲಲ್ಲಿ ಉಳಿಯುತ್ತೆ, 48 ಅಂದ್ರೇನೇ 24 ಕಿಲೋಹರ್ಟ್ಸ್‌ವರೆಗೆ ಹಿಡಿಯುತ್ತೆ, ನಮ್ಮ ಕಿವಿ ಎಳೇ ವಯಸ್ಸಲ್ಲೂ 20ರ ಹತ್ತಿರ ನಿಲ್ಲುತ್ತೆ. ಹೊಸದಾಗಿ ಶುರು ಮಾಡೋರಿಗೆ ನನ್ನ ಮಾತು: 48 ಇಡಿ. ಇವತ್ತು ಯಾವ ಹಾಡಾದ್ರೂ ಒಂದಿನ ವಿಡಿಯೋಗೆ ಹೋಗೇ ಹೋಗುತ್ತೆ, ವಿಡಿಯೋ ಲೋಕದಲ್ಲಿ ನಡೆಯೋದು 48. (44.1 ಅನ್ನೋ ವಿಚಿತ್ರ ನಂಬರೂ ವಿಡಿಯೋದಿಂದಲೇ ಬಂದಿದ್ದು. ಆಗ ಡಿಜಿಟಲ್ ಸೌಂಡನ್ನ ಯು-ಮ್ಯಾಟಿಕ್ ವಿಡಿಯೋ ಟೇಪ್ ಮೇಲೆ ಬರೀತಿದ್ರು, ಒಂದು ಗೆರೆಗೆ 3 ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಸಲ, ಗುಣಿಸಿ ನೋಡಿ.)

ಈಗ ನಿಜವಾದ ಅನಾಹುತ ಹೇಳ್ತೀನಿ. ಒಂದು ಸಲ 44.1ರ ಸೆಷನ್ನನ್ನ 48ರ ಪ್ರಾಜೆಕ್ಟ್ ಒಳಗೆ ಎಳೆದು ಹಾಕಿದ್ರು, ಸಾಫ್ಟ್‌ವೇರ್ ‘ಕನ್ವರ್ಟ್ ಮಾಡ್ಲಾ’ ಅಂತ ಕೇಳಿದ್ದಕ್ಕೆ ಆತುರದಲ್ಲಿ ‘ಬೇಡ’ ಒತ್ತಿದಾರೆ. ಐದೂವರೆ ಮನೆ ಶ್ರುತಿಗೆ ಹಾಡೋ ಹೆಣ್ಮಗಳ ದನಿ ಆರು ದಾಟಿ ಆರೂವರೆ ಹತ್ರ ಹೋಗಿ ಕೂತಿತ್ತು, ಆರು ನಿಮಿಷದ ಹಾಡು ಐದೂವರೆ ನಿಮಿಷಕ್ಕೆ ಮುಗೀತಿತ್ತು. ತಂಬೂರಿ, ಮೃದಂಗ ಎಲ್ಲಾ ಒಟ್ಟಿಗೇ ಏರಿರೋದ್ರಿಂದ ಬೇಸೂರು ಅನ್ಸೋದೇ ಇಲ್ಲ ನೋಡಿ, ಕೇಳೋರು ‘ಇವತ್ತು ಯಾಕೋ ಸಣ್ಣ ಗಂಟಲಲ್ಲಿ ಹಾಡಿದಾರೆ’ ಅಂದ್ಕೊಂಡು ಸುಮ್ನಾಗ್ತಾರೆ. ಹಾಡಿದೋರ ಅಮ್ಮ ಕೇಳಿ ‘ಇದು ನನ್ ಮಗಳಲ್ಲ’ ಅಂದಾಗ್ಲೇ ಗೊತ್ತಾಗಿದ್ದು. ಅದಕ್ಕೇ ಎಕ್ಸ್‌ಪೋರ್ಟ್ ಆದ್ಮೇಲೆ ಹಾಡಿನ ಉದ್ದ ಸೆಷನ್‌ನ ಉದ್ದಕ್ಕೆ ಸೆಕೆಂಡ್ ಲೆಕ್ಕದಲ್ಲಿ ಸರಿ ಇದ್ಯಾ ಅಂತ ನೋಡಿ, ಹತ್ತು ಸೆಕೆಂಡ್ ಕೆಲಸ.

ಹೆಜ್ಜೆ 4: ಎಕ್ಸ್‌ಪೋರ್ಟ್ ಕಿಟಕಿಯ ಚೌಕಗಳು

ನಾರ್ಮಲೈಸ್ (ಲೆವೆಲ್‌ನ ತಾನೇ ಮಿತಿವರೆಗೆ ಏರಿಸೋದು) ಅಂತ ಒಂದು ಚೌಕ ಇರುತ್ತೆ, ಟಿಕ್ ತೆಗೀರಿ. ಮಾಸ್ಟರ್ ಬಸ್ (ಎಲ್ಲಾ ಟ್ರ್ಯಾಕ್ ಸೇರಿ ಹೊರಗೆ ಹೋಗೋ ದಾರಿ) ಮೇಲೆ ‘ಜೋರಾಗಿ ಕೇಳ್ಲಿ’ ಅಂತ ಹಾಕಿರೋ ಲಿಮಿಟರ್ ಇದ್ಯಲ್ಲ, ಅದನ್ನೂ ಬೈಪಾಸ್ ಮಾಡಿ. ಬೇಕಿದ್ರೆ ಲಿಮಿಟರ್ ಇರೋದೊಂದು ಕಾಪಿ ಬೇರೆ ತೆಗೆದು ‘ನಾನು ಕೇಳ್ತಿದ್ದಿದ್ದು ಹೀಗೆ’ ಅಂತ ಜೊತೆಗೆ ಕಳಿಸಿ, ಅದು ಮಾಸ್ಟರಿಂಗ್‌ನೋರಿಗೆ ನಿಜವಾಗ್ಲೂ ಉಪಯೋಗ.

ಡಿದರ್ ಅನ್ನೋದು ಜನಕ್ಕೆ ಅರ್ಥ ಆಗದೇ ಇರೋ ಚೌಕ. 24 ಬಿಟ್ಟಿಂದ 16ಕ್ಕೆ ಇಳಿಸುವಾಗ ಕೊನೇ 8 ಬಿಟ್ ಸುಮ್ನೆ ಕತ್ತರಿಸಿ ಎಸೆದ್ರೆ ಜೋರು ಜಾಗದಲ್ಲಿ ಏನೂ ಗೊತ್ತಾಗಲ್ಲ. ಆಲಾಪನೆ ಮುಗಿದು ತಂಬೂರಿ ಒಂದೇ ಉಳಿದು ನಿಧಾನಕ್ಕೆ ಫೇಡ್ ಆಗುತ್ತಲ್ಲ, ಅಲ್ಲಿ ಹೆಡ್‌ಫೋನ್ ವಾಲ್ಯೂಂ ಏರಿಸಿ ಕೇಳಿ, ತಂತಿ ಕರಗೋ ಬದಲು ಮರಳು ಉಜ್ಜಿದ ಹಾಗೆ ಕರಕರ ಅನ್ನುತ್ತೆ. ಡಿದರ್ ಅಂದ್ರೆ ಕತ್ತರಿಸೋ ಮುಂಚೆ ಬೇಕಂತಲೇ ಸೇರಿಸೋ ಸಣ್ಣ ಸುಯ್ ಸದ್ದು, ಅದು ಆ ಕರಕರನ ನುಂಗಿ ತಂತಿನ ಕೊನೇವರೆಗೂ ಮೆತ್ತಗೆ ಬಿಡುತ್ತೆ. 16ಕ್ಕೆ ಇಳಿಸುವಾಗ ಒಂದೇ ಒಂದು ಸಲ, ಎಲ್ಲದಕ್ಕಿಂತ ಕೊನೇಲಿ ಹಾಕಿ. ಡಿದರ್ ಪಟ್ಟಿಯಲ್ಲಿ ಟಿಪಿಡಿಎಫ್ ಅನ್ನೋ ಥರ ಇದ್ರೆ ಅದೇ ಸಾಕು, ನಾಯ್ಸ್ ಶೇಪಿಂಗ್ ಹತ್ತು ಥರ ಇದ್ರೂ ತಲೆ ಕೆಡಿಸ್ಕೋಬೇಡಿ. ಮಾಸ್ಟರಿಂಗ್‌ಗೆ 32 ಫ್ಲೋಟ್ ಕಳಿಸ್ತಿದ್ರೆ ಡಿದರ್ ಬೇಡವೇ ಬೇಡ.

ಹಾಡಿನ ಹಿಂದೆ ಮುಂದೆ ಎರಡೆರಡು ಸೆಕೆಂಡ್ ಬಿಡಿ. ರಿವರ್ಬ್ ಬಾಲ ಕತ್ತರಿಸಿರೋ ಮಿಕ್ಸ್ ನೋಡಿದ್ರೆ ನಂಗೆ ಬಿಪಿ ಏರುತ್ತೆ.

ಹೆಜ್ಜೆ 5: ಪರೀಕ್ಷೆ

ಎಕ್ಸ್‌ಪೋರ್ಟ್ ಆದ ಫೈಲನ್ನ ಅದೇ ಸೆಷನ್ನಿಗೆ ವಾಪಸ್ ತಂದು, ಮಾಸ್ಟರ್ ಬಸ್ ಪ್ಲಗಿನ್‌ಗಳನ್ನ ದಾಟಿ ನೇರ ಔಟ್‌ಪುಟ್ಟಿಗೆ ಹೋಗೋ ಹಾಗೆ ಇಟ್ಟು, ಫೇಸ್ ಉಲ್ಟಾ ಮಾಡಿ (ಅಲೆಯ ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ), ಮಿಕ್ಸ್ ಜೊತೆ ಒಟ್ಟಿಗೆ ಪ್ಲೇ ಮಾಡಿ. ಎರಡೂ ಒಂದೇ ಆಗಿದ್ರೆ ಒಂದನ್ನೊಂದು ತಿಂದ್ಕೊಂಡು ಪೂರ್ತಿ ನಿಶ್ಶಬ್ದ. ಎಲ್ಲೋ ಕೋರಸ್ಸೋ ಕೊಳಲೋ ಸಣ್ಣಗೆ ಕೇಳ್ತಿದ್ರೆ ಏನೋ ಬದಲಾಗಿದೆ, ಹುಡುಕಿ. (ಪ್ರತಿ ಸಲ ಬೇರೆ ಥರ ತಿರುಗೋ ಕೋರಸ್ ಎಫೆಕ್ಟ್, ಕೆಲವು ರಿವರ್ಬ್ ಇದ್ರೆ ಸ್ವಲ್ಪ ಉಳಿಯುತ್ತೆ, ಗಾಬರಿ ಬೇಡ.)

ಹೆಜ್ಜೆ 6: ಮರಿ ಕಾಪಿಗಳು

ಸಿಡಿಗೆ 16 ಬಿಟ್ 44.1, ವಾಟ್ಸಾಪಿಗೆ ಎಂಪಿತ್ರೀ, ಎಲ್ಲಾ ಮಾಸ್ಟರ್ ಆದ್ಮೇಲೆ ಆ ಒಂದು ದೊಡ್ಡ ಫೈಲಿಂದಲೇ ಹುಟ್ಬೇಕು. ಎಂಪಿತ್ರೀ, ಎಎಸಿ ಮಾಡುವಾಗ ಪೀಕ್ ಸ್ವಲ್ಪ ಹಾರುತ್ತೆ, ಅದಕ್ಕೇ ಸ್ಪಾಟಿಫೈನೋರೂ ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವೆ ಏರೋದನ್ನೂ ಸೇರಿಸಿದ ಪೀಕ್) ಮೈನಸ್ 1 ಡೆಸಿಬೆಲ್ ಕೆಳಗಿಡಿ ಅಂತಾರೆ. ‘ಫ್ರೀ ಆನ್‌ಲೈನ್ ಕನ್ವರ್ಟರ್’ ಸೈಟುಗಳಿಗೆ ನಿಮ್ಮ ಹಾಡು ಹಾಕ್ಬೇಡಿ, ಯಾವ ರೇಟಿಗೆ ಏನು ಮಾಡಿ ಕೊಡ್ತಾವೆ ದೇವರಿಗೇ ಗೊತ್ತು. ಮೈನಸ್ ಒನ್ ಟ್ರ್ಯಾಕ್ (ಹಾಡೋರ ದನಿ ಇಲ್ಲದ, ಬರೀ ವಾದ್ಯದ್ದು) ಅದೇ ದಿನ ತೆಗೆದಿಡಿ, ರಾಜ್ಯೋತ್ಸವ ಪ್ರೋಗ್ರಾಂ ಹಿಂದಿನ ರಾತ್ರಿ ಫೋನ್ ಬರೋದು ಅದಕ್ಕೇ.

ಹೆಜ್ಜೆ 7: ಕಾಪಾಡೋದು

24 ಬಿಟ್ 48ರಲ್ಲಿ ಸ್ಟೀರಿಯೋ ಹಾಡಿಗೆ ನಿಮಿಷಕ್ಕೆ 17 ಎಂಬಿ ಚಿಲ್ಲರೆ, ಐದು ನಿಮಿಷಕ್ಕೆ 86. ಜಾಗ ಇಲ್ಲ ಅನ್ನೋ ಕಾಲ ಹೋಯ್ತು. ಆದ್ರೂ ಉಳಿಸ್ಬೇಕು ಅಂದ್ರೆ 24 ಬಿಟ್ ಫೈಲನ್ನ ಫ್ಲ್ಯಾಕ್ ಮಾಡಿ, ಸೈಜ್ ಇಳಿಯುತ್ತೆ, ಒಂದು ಬಿಟ್ಟೂ ಕಳೆಯಲ್ಲ. ಎರಡು ಹಾರ್ಡ್ ಡಿಸ್ಕ್, ಒಂದು ಕ್ಲೌಡ್. ಫುಟ್‌ಪಾತಲ್ಲಿ ಸಿಗೋ ‘2 ಟಿಬಿ’ ಪೆನ್‌ಡ್ರೈವ್ ಮೇಲೆ ಮಾತ್ರ ಇಡ್ಬೇಡಿ, ಎಷ್ಟೋ ಸಲ ಒಳಗೆ ನಿಜಕ್ಕೂ ಇರೋದು ಅದರಲ್ಲಿ ಚೂರು ಪಾಲು, ಮಿಕ್ಕಿದ್ದು ಬರೆದ ಹಾಗೆ ನಟಿಸುತ್ತೆ. ಫೈಲ್ ಹೆಸರಲ್ಲಿ ಹಾಡು, ತಾರೀಖು, ಬಿಟ್, ರೇಟ್ ಇರ್ಲಿ.

ಆ ಭಾವಗೀತೆಯೋರದ್ದು ಏನಾಯ್ತು ಅಂದ್ರೆ, ರೆಕಾರ್ಡಿಂಗ್ ಮಾಡಿದ ಹುಡುಗನ ಹತ್ರ ಹಳೇ ಡಿಸ್ಕ್ ಇತ್ತು, ಐದು ಹಾಡು ಮತ್ತೆ ಎಕ್ಸ್‌ಪೋರ್ಟ್ ಮಾಡಿ ಕೊಟ್ಟ. ಆರನೇದರ ಪ್ರಾಜೆಕ್ಟ್ ತೆರೆದ್ರೆ ಹಾಡಿನ ದನಿ ಇದ್ದ ಫೋಲ್ಡರೇ ಮಾಯ. ಅದೊಂದು ಎಂಪಿತ್ರೀಯಿಂದಲೇ ಆಲ್ಬಂಗೆ ಹೋಯ್ತು.